ಯು-ಟು ಹಾಡುಗಳ ಕ್ರಿಸ್ಮಸ್ ಮತ್ತು ನಮ್ಮ ಸಲಾಂ

1976ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಮೌಂಟ್ ಟೆಂಪಲ್ ಶಾಲೆಯ ನೋಟೀಸ್ ಬೋರ್ಡಿನಲ್ಲಿ ಲ್ಯಾರಿ ಮಲೆನ್ ಎಂಬ 14 ವರ್ಷದ ಹುಡುಗ ಒಂದು ಚೀಟಿ ಅಂಟಿಸಿದ. ಬ್ಯಾಂಡ್ ಕಟ್ಟಲು ಜೊತೆಗಾರರು ಬೇಕು ಎಂದು ಅದರಲ್ಲಿತ್ತು. ಚೀಟಿ ನೋಡಿ ಬಂದ ಹುಡುಗರು ಅವನ ಮನೆಯ ಅಡುಗೆ ಕೋಣೆಯಲ್ಲಿ ಸೇರಿದರು. ಅಲ್ಲಿಂದ ಶುರುವಾದದ್ದೇ ಯು-ಟು. ಲ್ಯಾರಿ ಡ್ರಮ್ಸ್, ಬೋನೊ ಹಾಡುಗಾರ, ಎಡ್ಜ್ ಗಿಟಾರ್, ಆ್ಯಡಂ ಕ್ಲೇಟನ್ ಬೇಸ್ ಗಿಟಾರ್. 2019ರ ಡಿಸೆಂಬರ್ 15ರಂದು ನವಿ ಮುಂಬೈಗೆ ಬಂದು ಹಾಡಿಹೋದವರು ಇವರೇ. ಅದಕ್ಕೂ ಸ್ವಲ್ಪ ಮೊದಲು ಎ.ಆರ್. ರಹಮಾನ್ ಜೊತೆ ಸೇರಿ ‘ಅಹಿಂಸಾ’ ಎಂಬ ಹಾಡು ಮಾಡಿದ್ದರು ಎಂದರೆ ಇನ್ನೂ ಕೆಲವರಿಗೆ ನೆನಪಾಗಬಹುದು.

ಆ ಶಾಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಪ್ರೊಟೆಸ್ಟಂಟ್ ಆಡಳಿತದ ಶಾಲೆ, ಆದರೆ ಬಾಗಿಲು ಎಲ್ಲರಿಗೂ ತೆರೆದಿತ್ತು. ಆ ಕಾಲದ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವುದು ಅಪರೂಪ. ಮುಸ್ಲಿಂ ಆಡಳಿತದ ನಮ್ಮ ಕಾಲೇಜಿನಲ್ಲಿ ಎಲ್ಲ ಧರ್ಮದವರೂ ಒಂದೇ ಕ್ಲಾಸಿನಲ್ಲಿ ಕೂತು ಓದುತ್ತೇವಲ್ಲ, ಹೆಚ್ಚು ಕಡಿಮೆ ಹಾಗೆ. ಬೋನೊನ ಮನೆಯೇ ಎರಡು ಪಾಲು. ತಂದೆ ಕ್ಯಾಥೊಲಿಕ್, ತಾಯಿ ಪ್ರೊಟೆಸ್ಟಂಟ್. ಅವನಿಗೆ 14 ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಗಡಿಯಾಚೆ, ಉತ್ತರ ಐರ್ಲೆಂಡಿನಲ್ಲಿ, ಇದೇ ಎರಡು ಪಂಗಡಗಳ ಹೆಸರಿನಲ್ಲಿ ಜನ ಸಾಯುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಸುಮಾರು 3,500 ಜೀವ ಹೋಯಿತು. ಇಂಥ ಕಡೆಯಿಂದ ಬಂದವರು ಕ್ರಿಸ್ಮಸ್ ಬಗ್ಗೆ ಹಾಡಿದರೆ ಅದು ಗಂಟೆ, ಹಿಮ, ಕೆಂಪು ಟೋಪಿಯ ತಾತ ಎಂದು ಸುಲಭವಾಗಿ ಮುಗಿಯುವುದಿಲ್ಲ.

ನಾನು ಈ ಹಾಡುಗಳನ್ನು ಗಮನಿಸಿದ್ದು ನಮ್ಮ ಇಂಗ್ಲಿಷ್ ಸರ್ ಕೊಟ್ಟ ಒಂದು ಕೆಲಸದಿಂದ. ಯಾವುದಾದರೂ ಹಾಡಿನ ಮಾತುಗಳನ್ನು ಕವಿತೆಯ ಹಾಗೆ ಓದಿಕೊಂಡು ಬಂದು ಕ್ಲಾಸಿನಲ್ಲಿ ವಿವರಿಸಿ ಎಂದಿದ್ದರು. ಸಂಗೀತದ ವಿಷಯದಲ್ಲಿ ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆಗೆ ಕೈ ಹಾಕುವಷ್ಟು ಓದು ನನಗಿಲ್ಲ. ನಾನು ಹೇಳುವುದು ಮಾತುಗಳ ವಿಷಯ ಮಾತ್ರ. ಡ್ರಮ್ಸ್ ಪಕ್ಕಕ್ಕಿಟ್ಟು ಓದಿದರೂ ಇವು ನಿಲ್ಲುತ್ತವೆ.

ಮೊದಲು 1987ರ ಹಾಡು. ವಿಶೇಷ ಚೇತನರ ಕ್ರೀಡಾಕೂಟವಾದ ಸ್ಪೆಷಲ್ ಒಲಿಂಪಿಕ್ಸ್‌ಗೆ ಹಣ ಕೂಡಿಸಲು ಅನೇಕ ಹಾಡುಗಾರರು ಸೇರಿ ಒಂದು ಕ್ರಿಸ್ಮಸ್ ಆಲ್ಬಂ ತಂದರು. ಯು-ಟು ಅದಕ್ಕೆ ಕೊಟ್ಟದ್ದು ‘ಕ್ರಿಸ್ಮಸ್ (ಬೇಬಿ ಪ್ಲೀಸ್ ಕಮ್ ಹೋಮ್)’. 1963ರಲ್ಲಿ ಡಾರ್ಲೀನ್ ಲವ್ ಹಾಡಿದ್ದ ಹಳೆಯ ಹಾಡು ಅದು. ಇಡೀ ಊರು ದೀಪ ಹಚ್ಚಿಕೊಂಡು ಹಾಡುತ್ತಿದೆ, ಬರಬೇಕಾದ ಒಬ್ಬರು ಮಾತ್ರ ಬಂದಿಲ್ಲ. ಅದರಲ್ಲಿರುವುದು ಇಷ್ಟೇ. ಗಲ್ಫಿನಲ್ಲಿ ದುಡಿಯುವ ತಂದೆ ಇರುವ ನಮ್ಮ ಗೆಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈದ್ ದಿನ ವಿಡಿಯೊ ಕಾಲ್‌ನಲ್ಲಿ ಬಿರಿಯಾನಿ ತೋರಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ಅದಕ್ಕೂ ಮೂರು ವರ್ಷ ಮೊದಲು, 1984ರ ನವೆಂಬರಿನಲ್ಲಿ, ಇಥಿಯೋಪಿಯದ ಬರಗಾಲಕ್ಕೆ ಹಣ ಕೂಡಿಸಲು ಬಾಬ್ ಗೆಲ್ಡಾಫ್ ಮತ್ತು ಮಿಡ್ಜ್ ಯೂರ್ ಬರೆದ ‘ಡು ದೇ ನೋ ಇಟ್ಸ್ ಕ್ರಿಸ್ಮಸ್?’ ಹಾಡಿನ ರೆಕಾರ್ಡಿಂಗ್ ಲಂಡನ್ನಿನಲ್ಲಿ ನಡೆಯಿತು. ಹಾಡಲು ಬಂದವರಲ್ಲಿ ಬೋನೊ ಇದ್ದ. ಅದು ಯು-ಟು ಹಾಡಲ್ಲ, ಆದರೆ ಅದರ ಅತ್ಯಂತ ಕಹಿಯಾದ ಸಾಲು ಅವನ ಪಾಲಿಗೆ ಬಂತು. ಸಾಯುತ್ತಿರುವವರು ನಾವಲ್ಲವಲ್ಲ ಎಂದು ದೇವರಿಗೆ ಕೃತಜ್ಞತೆ ಹೇಳುವ ನಮ್ಮೆಲ್ಲರ ಒಳಗುಟ್ಟನ್ನು ಹೊರಗೆ ಎಳೆಯುವ ಸಾಲು. ಅದನ್ನು ಹಾಡಲು ಅವನಿಗೆ ಮೊದಲು ಮನಸ್ಸಿರಲಿಲ್ಲವಂತೆ. ಆ ಸಾಲು ನನಗೆ ಇಷ್ಟ, ಹಾಡಿನ ಹೆಸರು ಮಾತ್ರ ಇಷ್ಟವಿಲ್ಲ. ಅಲ್ಲಿಯವರಿಗೆ ಇದು ಕ್ರಿಸ್ಮಸ್ ಎಂದು ಗೊತ್ತೇ ಎಂಬ ಪ್ರಶ್ನೆ ಇಥಿಯೋಪಿಯಕ್ಕೆ! ಅಲ್ಲಿನ ಕ್ರೈಸ್ತರು ಯುರೋಪಿನ ಎಷ್ಟೋ ದೇಶಗಳಿಗಿಂತ ಹಳಬರು. ಜನವರಿ 7ರಂದು ಅವರು ಕ್ರಿಸ್ಮಸ್ ಆಚರಿಸುತ್ತಾರೆ.

ಆ ನಾಡು ನಮಗೂ ಹೊರಗಿನದಲ್ಲ. ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಹೊರಟ ಮೊದಲ ಮುಸ್ಲಿಮರು ಆಶ್ರಯ ಪಡೆದದ್ದು ಅಲ್ಲೇ, ಹಬಶಾದಲ್ಲಿ, ನಜ್ಜಾಶಿ ಎಂಬ ಕ್ರೈಸ್ತ ದೊರೆಯ ನೆರಳಿನಲ್ಲಿ. ಅವರನ್ನು ಹಿಡಿದು ತರಲು ಕುರೈಷರು ದೂತರನ್ನು ಕಳಿಸಿದಾಗ ಜಅಫರ್ ಬಿನ್ ಅಬೀತಾಲಿಬ್(ರ) ಆ ಆಸ್ಥಾನದಲ್ಲಿ ಎದ್ದು ನಿಂತು ಓದಿದ್ದು ಮರ್ಯಮ್ ಅಧ್ಯಾಯದ ಭಾಗ. ಕೇಳಿದ ದೊರೆಯ ಕಣ್ಣು ತುಂಬಿ ಬಂತು ಎಂದು ನಾವೆಲ್ಲ ಮದ್ರಸದಲ್ಲಿ ಓದಿದ್ದೇವೆ. ಆತ ವಲಸಿಗರನ್ನು ಬಿಟ್ಟುಕೊಡಲಿಲ್ಲ. ಈಸಾ(ಅ) ಹುಟ್ಟಿದ ಕಥೆಯನ್ನು ಒಬ್ಬ ಮುಸ್ಲಿಂ ನಿರಾಶ್ರಿತ ಕ್ರೈಸ್ತ ದೊರೆಗೆ ಹೇಳಿದ ನೆಲ ಅದು.

1997ರ ‘ಪಾಪ್’ ಆಲ್ಬಂನಲ್ಲಿ ‘ಇಫ್ ಗಾಡ್ ವಿಲ್ ಸೆಂಡ್ ಹಿಸ್ ಏಂಜಲ್ಸ್’ ಎಂಬ ಹಾಡಿದೆ. ದೇವರು ತನ್ನ ಮಲಕ್‌ಗಳನ್ನು ಕಳಿಸಿದರೆ ಎಲ್ಲ ಸರಿಹೋದೀತೆ ಎಂಬ ಸಂಶಯ ಅದರ ತುಂಬ. ನಡುವೆ ಕ್ರಿಸ್ಮಸ್ ಮರದ ದೀಪ ಬರುತ್ತದೆ. ಅದನ್ನು ಬೆಳಗಿಸುತ್ತಿರುವುದು ಪ್ರೀತಿಯೇ ಎಂದು ಹಾಡು ಕೇಳುತ್ತದೆ, ಮರುಕ್ಷಣವೇ ಫ್ಯೂಸ್ ಹಾರುತ್ತದೆ. ಟಿವಿಯಲ್ಲಿ ಮಕ್ಕಳ ಕಾರ್ಟೂನ್ ಹೋಗಿ ವಾರ್ತೆ ಬರುತ್ತದೆ. ಹಬ್ಬದ ಮನೆಗೂ ಹೊರಗಿನ ಜಗತ್ತಿಗೂ ನಡುವೆ ಇರುವುದು ಒಂದು ಫ್ಯೂಸ್ ತಂತಿಯಷ್ಟೇ ಎನಿಸಿತು. ಹಾಡು ಚೆನ್ನಾಗಿದೆ, ಆದರೆ ಅದರಲ್ಲಿ ದೂರು ಇನ್ನೂ ಸಾಮಾನ್ಯವಾದದ್ದು. ಯಾರ ಪರವಾಗಿ, ಯಾವ ದಿನದ ಬಗ್ಗೆ ಎಂದು ಗೊತ್ತಾಗುವುದಿಲ್ಲ.

ಅದು ಗೊತ್ತಾಗುವುದು 2000ದಲ್ಲಿ ಬಂದ ‘ಆಲ್ ದಟ್ ಯು ಕಾಂಟ್ ಲೀವ್ ಬಿಹೈಂಡ್’ ಆಲ್ಬಂನ ಎಂಟನೆಯ ಹಾಡಿನಲ್ಲಿ. ಹೆಸರು ‘ಪೀಸ್ ಆನ್ ಅರ್ತ್’, ಭೂಮಿಯ ಮೇಲೆ ಶಾಂತಿ. ಹೆಸರು ಮಾತ್ರ ಕೇಳಿದರೆ ಗ್ರೀಟಿಂಗ್ ಕಾರ್ಡ್ ಎನಿಸುತ್ತದೆ. ಹಾಡು ಹಾಗಿಲ್ಲ.

ಅದರ ಹಿನ್ನೆಲೆ ಹೀಗಿದೆ. 1998ರ ಏಪ್ರಿಲ್ 10ರಂದು, ಗುಡ್ ಫ್ರೈಡೆ ದಿನ, ಉತ್ತರ ಐರ್ಲೆಂಡಿನ ಎರಡೂ ಪಾಳಯದವರು ಒಂದು ಶಾಂತಿ ಒಪ್ಪಂದಕ್ಕೆ ಬಂದರು. ಅದಕ್ಕೆ ಜನಮತ ಬೇಕಿತ್ತು. ಮತದಾನಕ್ಕೆ ಕೆಲವೇ ದಿನ ಇರುವಾಗ ಯು-ಟು ಬೆಲ್‌ಫಾಸ್ಟ್‌ಗೆ ಹೋಗಿ ಹಾಡಿತು. ವೇದಿಕೆಯ ಮೇಲೆ ಬೋನೊ ನಡುವೆ ನಿಂತು, ಒಂದು ಕಡೆ ಜಾನ್ ಹ್ಯೂಮ್, ಇನ್ನೊಂದು ಕಡೆ ಡೇವಿಡ್ ಟ್ರಿಂಬಲ್ ಎಂಬ ಎದುರಾಳಿ ನಾಯಕರ ಕೈಗಳನ್ನು ಹಿಡಿದೆತ್ತಿದ ಚಿತ್ರ ಎಲ್ಲ ಕಡೆ ಪ್ರಕಟವಾಯಿತು. ಮೇ 22ರಂದು ಜನ ಒಪ್ಪಂದಕ್ಕೆ ಹೌದು ಎಂದರು. ಇನ್ನು ಮುಗಿಯಿತು ಎಂದು ಎಲ್ಲರಿಗೂ ಅನಿಸಿರಬೇಕು.

ಮೂರು ತಿಂಗಳೂ ಆಗಲಿಲ್ಲ. ಆಗಸ್ಟ್ 15, ಶನಿವಾರ. ನಮ್ಮಲ್ಲಿ ಧ್ವಜ ಹಾರಿಸಿ ಸಿಹಿ ಹಂಚುವ ದಿನ. ಓಮಾ ಎಂಬ ಸಣ್ಣ ಪಟ್ಟಣದ ಮಾರ್ಕೆಟ್ ಬೀದಿಯಲ್ಲಿ ತಾಯಂದಿರು ಮಕ್ಕಳನ್ನು ಕರೆದುಕೊಂಡು ಶಾಲೆಯ ಸಮವಸ್ತ್ರ ಕೊಳ್ಳಲು ಬಂದಿದ್ದರು. ಒಪ್ಪಂದವನ್ನು ಒಪ್ಪದ ‘ರಿಯಲ್ ಐಆರ್‌ಎ’ ಎಂಬ ಗುಂಪು ಅಲ್ಲಿ ಬಾಂಬ್ ತುಂಬಿದ ಕಾರು ನಿಲ್ಲಿಸಿತ್ತು. ಫೋನಿನಲ್ಲಿ ಬಂದ ಎಚ್ಚರಿಕೆಯಲ್ಲಿ ಜಾಗ ಸ್ಪಷ್ಟವಿರಲಿಲ್ಲ. ಪೊಲೀಸರು ಜನರನ್ನು ಸುರಕ್ಷಿತ ಜಾಗ ಎಂದು ಕಳಿಸಿದ್ದು ಆ ಕಾರಿನ ಕಡೆಗೇ. 29 ಮಂದಿ ಸತ್ತರು, ಜೊತೆಗೆ ಇನ್ನೂ ಹುಟ್ಟದ ಅವಳಿ ಮಕ್ಕಳು. ಸತ್ತವರಲ್ಲಿ ಕ್ಯಾಥೊಲಿಕರಿದ್ದರು, ಪ್ರೊಟೆಸ್ಟಂಟರಿದ್ದರು, ಪ್ರವಾಸ ಬಂದಿದ್ದ ಸ್ಪೇನ್ ದೇಶದವರಿದ್ದರು. ಸಮವಸ್ತ್ರ ಕೊಳ್ಳಲು ಅಮ್ಮನ ಜೊತೆ ಅಂಗಡಿಗೆ ಹೋಗುವುದು ಎಂದರೇನು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದೆ. ಅಳತೆ ಒಂದು ಇಂಚು ದೊಡ್ಡದೇ ಇರಲಿ, ಮುಂದಿನ ವರ್ಷಕ್ಕೂ ಆಗುತ್ತದೆ ಎನ್ನುವ ಅಮ್ಮಂದಿರು ಆ ಬೀದಿಯಲ್ಲೂ ಇದ್ದಿರಬೇಕು.

ಆ ಹಾಡಿನಲ್ಲಿ ರೇಡಿಯೊ ಸತ್ತವರ ಹೆಸರು ಓದುತ್ತದೆ. ಬೋನೊ ಅದರಲ್ಲಿ ಐದು ಹೆಸರುಗಳನ್ನು ಸುಮ್ಮನೆ ಒಂದರ ಹಿಂದೊಂದು ಹಾಡುತ್ತಾನೆ. ವಿಶೇಷಣವಿಲ್ಲ, ಉಪಮೆಯಿಲ್ಲ. ಅವೆಲ್ಲ ಓಮಾದಲ್ಲಿ ಸತ್ತವರ ಹೆಸರುಗಳೇ. ಕ್ಲಾಸಿನಲ್ಲಿ ಇದನ್ನು ಓದುವಾಗ ಸರ್ ನನ್ನನ್ನು ತಡೆದು, “ಇಲ್ಲಿ ಕವಿತೆ ಎಲ್ಲಿದೆಯಪ್ಪಾ?” ಎಂದು ಕೇಳಿದರು. ನಾನು, “ಹೆಸರೇ ಸರ್” ಎಂದೆ. ಅವರು ಬೇರೇನೂ ಹೇಳದೆ, “ಮುಂದೆ ಓದು” ಎಂದರು. 29 ಎನ್ನುವುದು ಪರೀಕ್ಷೆಯಲ್ಲಿ ಬರೆಯುವ ಉತ್ತರ. ಹೆಸರು ಹಾಗಲ್ಲ, ಅದರ ಹಿಂದೆ ಅದನ್ನು ಕೂಗಿ ಕರೆಯುತ್ತಿದ್ದ ಒಬ್ಬರು ಇರುತ್ತಾರೆ.

ಕ್ರಿಸ್ಮಸ್ ಬರುವುದು ಇದಾದ ಮೇಲೆ. ಬೈಬಲಿನಲ್ಲಿ ಲೂಕನ ಎರಡನೆಯ ಅಧ್ಯಾಯದಲ್ಲಿ, ಮಗು ಹುಟ್ಟಿದ ರಾತ್ರಿ, ಕುರಿ ಕಾಯುತ್ತಿದ್ದವರಿಗೆ ದೇವದೂತರು ಭೂಮಿಯ ಮೇಲೆ ಶಾಂತಿ ಎಂಬ ಸುವಾರ್ತೆ ಹಾಡುತ್ತಾರೆ. ಪ್ರತಿ ಡಿಸೆಂಬರಿನಲ್ಲಿ ಆ ಮಾತು ಚರ್ಚಿನಲ್ಲಿ, ಅಂಗಡಿಯಲ್ಲಿ, ಕಾರ್ಡಿನಲ್ಲಿ ತಪ್ಪದೆ ಬರುತ್ತದೆ. ಯು-ಟು ಆ ಮಾತನ್ನೇ ಎತ್ತಿಕೊಂಡು ನೇರ ಈಸಾರನ್ನೇ ಕೇಳುತ್ತದೆ: ಇದರ ಬೆಲೆಯೇನು? ಹಾಡುವವನಿಗೆ ಆ ಪದ ಉಚ್ಚರಿಸುವುದೇ ಕಷ್ಟವಾಗಿದೆ. ಐರಿಷ್ ಕವಿ ಸೀಮಸ್ ಹೀನಿಯ ‘ದಿ ಕ್ಯೂರ್ ಅಟ್ ಟ್ರಾಯ್’ ನಾಟಕದಲ್ಲಿ ಆಸೆಗೂ ಇತಿಹಾಸಕ್ಕೂ ತಾಳ ಕೂಡುವ ಕಾಲ ಬರಬಹುದು ಎಂಬ ಅರ್ಥದ ಮಾತಿದೆ. ಶಾಂತಿ ಒಪ್ಪಂದದ ದಿನಗಳಲ್ಲಿ ಅದು ಆ ನಾಡಿನವರ ಬಾಯಲ್ಲಿತ್ತು. ಯು-ಟು ಅದನ್ನು ಮಗುಚಿ ಹಾಕಿ, ಕೂಡಲಿಲ್ಲ ಎನ್ನುತ್ತದೆ. ಹಾಡು ಮುಗಿಯುವವರೆಗೂ ಪ್ರಶ್ನೆಗೆ ಉತ್ತರ ಬರುವುದಿಲ್ಲ.

ಕ್ಲಾಸಿನಲ್ಲಿ ಒಬ್ಬ ಗೆಳೆಯ ಎದ್ದು, ಇದು ದೇವರಿಗೆ ಎದುರು ಮಾತಲ್ಲವೇ, ನಂಬಿಕೆ ಇರುವವನು ಹೀಗೆ ಕೇಳುತ್ತಾನೆಯೇ ಎಂದ. ನನಗೆ ಹಾಗನ್ನಿಸಲಿಲ್ಲ. ನಂಬಿಕೆ ಇಲ್ಲದವನಿಗೆ ದೂರು ಕೊಡುವ ವಿಳಾಸವೇ ಇರುವುದಿಲ್ಲ. ಕನ್ನಡದಲ್ಲಿ ಇದಕ್ಕೆ ನಿಂದಾಸ್ತುತಿ ಎಂಬ ಒಳ್ಳೆಯ ಪದವಿದೆ. ದಾಸರು ದೇವರನ್ನು ಬೈದೇ ಹೊಗಳಿದವರು. ಉರ್ದುವಿನಲ್ಲಿ ಅಲ್ಲಾಮಾ ಇಕ್ಬಾಲರ ‘ಶಿಕ್ವಾ’ ಇದೆ. ಮುಸ್ಲಿಮರ ದುಃಸ್ಥಿತಿಯ ಬಗ್ಗೆ ಅಲ್ಲಾಹನಲ್ಲಿ ನೇರವಾಗಿ ದೂರುವ ಪದ್ಯ. ಅದನ್ನು ಕೇಳಿ ಸಿಟ್ಟಾದವರೂ ಇದ್ದರು. ಮುಂದೆ ಅವರೇ ‘ಜವಾಬೆ ಶಿಕ್ವಾ’ ಬರೆದು ಅಲ್ಲಾಹನ ಕಡೆಯ ಉತ್ತರವನ್ನೂ ಕೊಟ್ಟರು. ನನ್ನ ದಾದಾ ಎರಡನ್ನೂ ಬಾಯಿಪಾಠ ಹೇಳುತ್ತಿದ್ದರು. ದೂರು ಹೇಳುವಾಗ ಅವರ ದನಿ ಏರುತ್ತಿತ್ತು, ಉತ್ತರ ಬರುವಾಗ ತಗ್ಗುತ್ತಿತ್ತು. ಯು-ಟು ಹಾಡಿದ್ದು ಶಿಕ್ವಾ ಮಾತ್ರ ಎಂದರೆ ಇಲ್ಲಿಯ ಹಿರಿಯರಿಗೆ ಬೇಗ ಅರ್ಥವಾಗುತ್ತದೆ.

ಈ ಹಾಡನ್ನು ಓದಿದ ಮೇಲೆ ಮರ್ಯಮ್ ಅಧ್ಯಾಯದ ಅನುವಾದವನ್ನು ಇನ್ನೊಮ್ಮೆ ತೆಗೆದೆ. ಖರ್ಜೂರದ ಬುಡದಲ್ಲಿ ಒಬ್ಬರೇ ನೋವು ತಿನ್ನುವ ತಾಯಿ, ತೊಟ್ಟಿಲಲ್ಲೇ ಮಾತಾಡುವ ಮಗು. ಆ ಮಗುವಿನ ಮಾತಿನಲ್ಲಿ ತಾನು ಹುಟ್ಟಿದ ದಿನದ ಮೇಲೆ ಸಲಾಂ ಬರುತ್ತದೆ. ಎರಡು ಗ್ರಂಥಗಳು ಆ ಜನನವನ್ನು ಬೇರೆ ಬೇರೆಯಾಗಿ ಹೇಳುತ್ತವೆ, ನಮ್ಮ ನಂಬಿಕೆಯೂ ಅವರ ನಂಬಿಕೆಯೂ ಒಂದಲ್ಲ. ಆದರೆ ಎರಡರಲ್ಲೂ ಆ ಹುಟ್ಟಿನ ಪಕ್ಕದಲ್ಲಿ ಇದೊಂದು ಪದವಿದೆ. ಅವರು ಅದನ್ನು ವರ್ಷಕ್ಕೊಮ್ಮೆ ಕಾರ್ಡಿನ ಮೇಲೆ ಬರೆದರೆ ನಾವು ದಿನಕ್ಕೆ ಐವತ್ತು ಸಲ ಬಾಯಲ್ಲಿ ಹೇಳುತ್ತೇವೆ. ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ, ಫೋನೆತ್ತಿದ ಕೂಡಲೇ. ನಿಮ್ಮ ಮೇಲೆ ಶಾಂತಿಯಿರಲಿ.

2023ರ ಡಿಸೆಂಬರಿನಲ್ಲಿ ಈಸಾ(ಅ) ಹುಟ್ಟಿದ ಊರಾದ ಬೆತ್ಲೆಹೆಮ್‌ನಲ್ಲಿ ಕ್ರಿಸ್ಮಸ್ ಸಂಭ್ರಮ ರದ್ದಾಯಿತು. ದೊಡ್ಡ ಮರ ನಿಲ್ಲಿಸಲಿಲ್ಲ. ಅಲ್ಲಿಯ ಲೂಥರನ್ ಚರ್ಚಿನವರು ಗೋದಲಿಯ ಬದಲು ಒಡೆದ ಕಾಂಕ್ರೀಟಿನ ರಾಶಿ ಹಾಕಿ, ಅದರ ನಡುವೆ ಕೆಫಿಯಾ ಸುತ್ತಿದ ಮಗುವಿನ ಗೊಂಬೆ ಮಲಗಿಸಿದರು. ಗಾಝಾದ ಮಕ್ಕಳಿಗಾಗಿ. ಆ ಫೋಟೊ ನೋಡಿದಾಗ ನನಗೆ ನೆನಪಾದದ್ದು ಎಂಟನೆಯ ಹಾಡು. ಜೊತೆಗೆ ಸಿಟ್ಟೂ ಬಂತು. ಆ ಅಕ್ಟೋಬರಿನಲ್ಲಿ ಲಾಸ್ ವೇಗಸ್‌ನ ವೇದಿಕೆಯಿಂದ ಬೋನೊ ಇಸ್ರೇಲಿನ ಸಂಗೀತೋತ್ಸವದಲ್ಲಿ ಕೊಲೆಯಾದ ಯುವಜನರಿಗೆ ಹಾಡು ಅರ್ಪಿಸಿದ. ಅದು ಸರಿಯೇ. ನಿರಪರಾಧಿಗಳ ಜೀವ ಯಾರದ್ದಾದರೂ ಜೀವವೇ. ಆದರೆ ಗಾಝಾ ಬಗ್ಗೆ ನಾಲ್ವರೂ ಒಬ್ಬೊಬ್ಬರಾಗಿ ವಿವರವಾದ ಹೇಳಿಕೆ ಬರೆದದ್ದು 2025ರ ಆಗಸ್ಟಿನಲ್ಲಿ. ಅವರು ಹಮಾಸನ್ನೂ ಖಂಡಿಸಿದರು, ಇಸ್ರೇಲ್ ಸರಕಾರವನ್ನೂ ಖಂಡಿಸಿದರು. ರೇಡಿಯೊದಲ್ಲಿ ಓದಿದ ಹೆಸರುಗಳನ್ನು ಹಾಡಾಗಿಸಿದವರಿಗೆ ಇಷ್ಟು ತಡ ಯಾಕಾಯಿತು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹಾಗಂತ ಹಾಡು ಸುಳ್ಳಾಗುವುದಿಲ್ಲ. ಶಾಂತಿಯ ಮಾತು ಕೆಲವು ಕಡೆ ಬಾಯಿಂದ ಹೊರಡುವುದೇ ಕಷ್ಟ ಎಂದು ಅದು ಹೇಳುತ್ತದೆ, ಹಾಡಿದವರ ಬಾಯಿಗೂ ಅದು ಕಷ್ಟವೇ ಆಯಿತು.

ಅಷ್ಟು ದೂರ ಯಾಕೆ, ನಮ್ಮ ಮನೆಯದ್ದೇ ಹೇಳುತ್ತೇನೆ. ಅಬ್ಬಾ ಮತ್ತು ಚಾಚಾ ಮಾತು ಬಿಟ್ಟು ಎರಡು ವರ್ಷವಾಯಿತು. ದಾದಾ ಬಿಟ್ಟುಹೋದ ಜಾಗದ ಪಾಲಿನ ವಿಷಯ. ಯಾರದ್ದು ಸರಿ ಎಂದು ನಾನು ಇಲ್ಲಿ ಬರೆಯುವುದಿಲ್ಲ, ನನಗೆ ಇಬ್ಬರೂ ಬೇಕು. ಕಳೆದ ರಂಝಾನ್ ಈದ್‌ಗೆ ಈದ್ಗಾದಲ್ಲಿ ಜನ ಹೆಚ್ಚಿದ್ದರು. ಸಫ್ ಸರಿಮಾಡುವ ಗಡಿಬಿಡಿಯಲ್ಲಿ ನನ್ನ ಬಲಗಡೆ ಅಬ್ಬಾ, ಎಡಗಡೆ ಚಾಚಾ ಬಂದು ನಿಂತರು. ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಲ್ಲ, ಮೂವರೂ ಹಾಗೇ ನಿಂತೆವು. ನಮಾಝಿನ ಕೊನೆಗೆ ಎಲ್ಲರೂ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಮುಖ ತಿರುಗಿಸಿ ಸಲಾಂ ಹೇಳಿದರು. ಚಾಚಾ ಬಲಕ್ಕೆ ತಿರುಗಿ ಹೇಳಿದ ಸಲಾಂ ನನ್ನ ಮುಖ ದಾಟಿ ಅಬ್ಬಾನ ಕಡೆ ಹೋಯಿತು. ಅಬ್ಬಾ ಎಡಕ್ಕೆ ತಿರುಗಿ ಹೇಳಿದ್ದು ನನ್ನನ್ನು ದಾಟಿ ಚಾಚಾನ ಕಡೆ. ಖುತ್ಬಾ ಮುಗಿದು ಎಲ್ಲರೂ ಎದ್ದು ಅಪ್ಪಿಕೊಳ್ಳತೊಡಗಿದರು. ಅಬ್ಬಾ ಚಪ್ಪಲಿ ಹುಡುಕಿದರು. ಚಾಚಾ ನನ್ನನ್ನು ಅಪ್ಪಿಕೊಂಡು, ಕೈಯಲ್ಲಿ ಈದಿಯ ನೋಟು ಇಟ್ಟು, ಇನ್ನೊಂದು ಗೇಟಿನಿಂದ ಹೋದರು.

ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದು, ಇಬ್ಬರಲ್ಲಿ ಮೊದಲು ಸಲಾಂ ಹೇಳುವವನೇ ಉತ್ತಮ ಎಂಬ ಹದೀಸ್ ಅಬ್ಬಾಗೂ ಗೊತ್ತು, ಚಾಚಾಗೂ ಗೊತ್ತು. ನನಗೆ ಕಲಿಸಿದ್ದೇ ಅವರು. ನನ್ನ ಕ್ಲಾಸಿನ ಕ್ರಿಶ್ಚಿಯನ್ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ನಕ್ಕ. ಅವರ ಬಲಿಪೂಜೆಯಲ್ಲೂ ಒಂದು ಹೊತ್ತಿನಲ್ಲಿ ಪಕ್ಕದವರ ಕಡೆ ತಿರುಗಿ ಶಾಂತಿ ಕೋರಬೇಕಂತೆ. “ನಮ್ಮ ಮಾಮ ಅದಕ್ಕೇ ಬೇರೆ ಸಾಲಿನಲ್ಲಿ ಕೂರುತ್ತಾರೆ ಮಾರಾಯ” ಎಂದ.

ಚಾಚಾನ ಮಗ ಈ ವರ್ಷ ನಮ್ಮ ಕಾಲೇಜಿನಲ್ಲೇ ಪ್ರಥಮ ಪಿಯುಸಿಗೆ ಸೇರಿದ್ದಾನೆ. ಬೆಳಗ್ಗೆ ಗೇಟಿನ ಬಳಿ ಸಿಕ್ಕಾಗ ಅವನು, “ಅಸ್ಸಲಾಮು ಅಲೈಕುಂ ಭಾಯ್” ಎನ್ನುತ್ತಾನೆ. ನಾನು ಪೂರ್ತಿಯಾಗಿ ಉತ್ತರಿಸುತ್ತೇನೆ. ಮಧ್ಯಾಹ್ನ ಒಂದೊಂದು ದಿನ ಡಬ್ಬಿ ಹಂಚಿಕೊಳ್ಳುತ್ತೇವೆ. ಚಾಚಿ ಮಾಡುವ ಖೀಮಾ ಎರಡು ವರ್ಷದ ಮೇಲೆ ನನಗೆ ಸಿಕ್ಕಿದ್ದು ಹಾಗೆ. ಇದು ನಮ್ಮ ಎರಡೂ ಮನೆಗಳಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಈ ಪತ್ರಿಕೆಯ ಪ್ರತಿ ಪ್ರತಿಯೊಬ್ಬ ವಿದ್ಯಾರ್ಥಿಯ ಮನೆಗೂ ಹೋಗುತ್ತದೆ. ಅಬ್ಬಾ ಮೊದಲ ಪುಟದಿಂದ ಕೊನೆಯವರೆಗೆ ಓದುವವರು. ಚಾಚಾ ಕೂಡ ಹಾಗೆಯೇ.